ನೀರುಗಂಟಿ ಮಂಚಯ್ಯನ ಕೈಬರಹದ ಮಾದರಿ

ಇಂದ:
ಮಂಚಯ್ಯ, ನೀರುಗಂಟಿ (ಸದ್ಯ ಕೆಲಸದಿಂದ ನಿಲ್ಲಿಸಲ್ಪಟ್ಟವನು),
ಕಲ್ಲುಕೊಪ್ಪಲು, ಹರದನಹಳ್ಳಿ ಹತ್ತಿರ, ಹೊಳೆನರಸೀಪುರ ತಾಲ್ಲೂಕು.

ಗೆ:
ಮ್ಯಾಜಿಸ್ಟ್ರೇಟ್ ಸಾಹೇಬರವರ ಸನ್ನಿಧಾನಕ್ಕೆ.

ವಿಷಯ: ಕೈಬರಹ ತಜ್ಞರು ಸಾಕ್ಷಿ ಹೇಳಲು ಬರುವ ಬಾಬತ್ತು.
ಉಲ್ಲೇಖ: ದಿನಾಂಕ 3-10-1939ರ ತಮ್ಮ ನೋಟೀಸು.

ಮಾನ್ಯರೇ,

1. ನಮ್ಮೂರ ಪಟೇಲರಾದ ಈಶ್ವರಯ್ಯನವರು ಕೆರೆಯ ನೀರನ್ನು ತಮ್ಮ ಗದ್ದೆಗೇ ತಿರುಗಿಸಿಕೊಳ್ಳುತ್ತಾರೆಂದು ಹೋದ ವರ್ಷ ಜೂನ್ ತಿಂಗಳಲ್ಲಿ ಅಮಲ್ದಾರರಿಗೆ ಹೆಸರಿಲ್ಲದ ಅರ್ಜಿಯೊಂದು ಹೋಯಿತು. ತೂಬು ತೆಗೆದು ಮುಚ್ಚುವವನು ನಾನಾದ ಕಾರಣ ಬರೆದವನೂ ನಾನೇ ಎಂದು ಪಟೇಲರು ಮಾನಹಾನಿ ಮೊಕದ್ದಮೆ ಹೂಡಿದರು. ಮೊಕದ್ದಮೆ ಇರುವ ಕಾರಣ ನನ್ನನ್ನು ಕೆಲಸದಿಂದ ನಿಲ್ಲಿಸಲಾಯಿತು.

2. "ಸಾ, ನಂಗೆ ಬರೆಯಾಕೇ ಬರಾಕಿಲ್ಲ" ಎಂದು ತಮ್ಮೆದುರು ಅರಿಕೆ ಮಾಡಿಕೊಂಡೆ. ಪಟೇಲರ ವಕೀಲರು, "ಬರೆಯೋಕೆ ಬರೋವನೂ ಹಾಗೇ ಹೇಳ್ತಾನೆ, ಸ್ವಾಮಿ" ಎಂದರು. ಆದ್ದರಿಂದ ಕೈಬರಹ ಬಲ್ಲ ಅರ್ಹ ತಜ್ಞರನ್ನು ಹುಡುಕಿ ಕರೆತರುವಂತೆ ಹುಕುಂ ಆಯಿತು.

3. ಮೊದಲು ಸಿಕ್ಕವರು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ರುದ್ರಯ್ಯನವರು. ಮೂಟೆಯ ಮೇಲಿನ ಬರಹ ನೋಡಿಯೇ ಯಾರ ಮಾಲೆಂದು ಹೇಳಬಲ್ಲರೆಂದು ಹೆಸರಾದವರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿಯೂ ನೋಡಿ, "ಇದ್ನೇ ಮೂಟೆ ಮ್ಯಾಲೆ ಬರೆದಿದ್ರೆ ಏಳ್ತಿದ್ದೆ ಸಾ" ಎಂದು ಹೊರಟುಹೋದರು.

4. ಎರಡನೆಯವರು ಅರಕಲಗೂಡಿನ ನಿವೃತ್ತ ಉಪಾಧ್ಯಾಯರಾದ ಚನ್ನಬಸವಯ್ಯನವರು. ಇವರು ಸದರಿ ಹೆಸರಿಲ್ಲದ ಅರ್ಜಿಯಲ್ಲಿ ಹನ್ನೊಂದು ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ, ಇಪ್ಪತ್ತೈದಕ್ಕೆ ಒಂಬತ್ತು ಅಂಕ ಕೊಟ್ಟು, ಕೆಳಗೆ ರುಜು ಹಾಕಿದರು. ಹೆಸರಿಲ್ಲದ ಅರ್ಜಿಗೆ ಹೀಗೆ ಒಂದು ಹೆಸರು ಬಂದಂತಾಗಿ, ಅವರ ಮೇಲೂ ಮೊಕದ್ದಮೆ ಹೂಡಬಹುದೇ ಎಂದು ಪಟೇಲರು ವಕೀಲರನ್ನು ಕೇಳಿದ್ದನ್ನು ನಾನೇ ಕೇಳಿದ್ದೇನೆ.

5. ಮೂರನೆಯವರು ಹಾಸನದ ಒಬ್ಬ ಕನ್ನಡಕದ ಮಹನೀಯರು. ಹೋಲಿಸಲು ಆರೋಪಿಯ ಕೈಬರಹದ ಮಾದರಿ ಇಪ್ಪತ್ತು ಸಾಲು ಬೇಕೆಂದರು. ಬರೆಯಲು ಬಾರದವನು ಮಾದರಿ ಕೊಡಲಾರನಾದ ಕಾರಣ, ಮಾದರಿ ಇಲ್ಲದೆ ಮೊಕದ್ದಮೆ ಮುಗಿಯದಾದ ಕಾರಣ, ನಾನು ಮಾದರಿ ಕೊಡಲು ಶಕ್ತನಾಗುವವರೆಗೆ ನಮ್ಮೂರ ಶಾಲೆಯ ಒಳಗೆ ಕೂರಿಸಿ ಅಕ್ಷರ ಕಲಿಸತಕ್ಕದ್ದೆಂದು ತಾವು ಅಪ್ಪಣೆ ಮಾಡಿದಿರಿ. ಅಷ್ಟರಲ್ಲಿ ಆ ಮಹನೀಯರು ಮೈಸೂರಿಗೆ ಹೋಗಿ ಫೋಟೋ ತೆಗೆಯುವ ಅಂಗಡಿ ಇಟ್ಟರು. ಅಪ್ಪಣೆ ಮಾತ್ರ ಉಳಿಯಿತು.

6. ಫೆಬ್ರವರಿ ತಿಂಗಳಲ್ಲಿ ಶಾಲೆಗೆ ಹೋದೆ. ಷಡಕ್ಷರಿ ಮೇಷ್ಟ್ರು ಹೊರಗಿನ ಜಗಲಿ ತೋರಿಸಿದರು. ನಮ್ಮ ಕೇರಿಯವರು ಅದುವರೆಗೆ ಆ ಬಾಗಿಲು ದಾಟಿದವರಲ್ಲ. ಜೊತೆಗೆ ಬಂದಿದ್ದ ಕೋರ್ಟಿನ ಜವಾನ ಪಾಪಯ್ಯ ಕಾಗದ ಬಿಚ್ಚಿ, "ಒಳಗೆ ಅಂತ ಐತೆ ಮೇಷ್ಟ್ರೇ. ಜಗಲಿ ಅಂತ ಇಲ್ಲ. ನೀವೇ ಓದ್ಕಳಿ" ಎಂದ. ಮೇಷ್ಟ್ರು ಎರಡು ಸಲ ಓದಿ ಪಕ್ಕಕ್ಕೆ ಸರಿದರು. ನಾನು ಒಳಗೆ ಹೋಗಿ ಕೂತೆ.

7. ಮಾದರಿ ಸಿಕ್ಕರೆ ಗೆಲುವು ತಮ್ಮದೆಂದು ನಂಬಿದ ಪಟೇಲರು ಸ್ಲೇಟು, ಬಳಪ ಕೊಡಿಸಿದರು. ವಾರಕ್ಕೊಮ್ಮೆ ಶಾಲೆಯ ಕಿಟಕಿಯಲ್ಲಿ ಇಣುಕಿ, "ಬ್ಯಾಗ ಕಲೀಲಾ ಮಂಚ, ನಿನ್ನ ಜೈಲಿಗೆ ಆಕ್ಬೇಕು" ಎಂದು ಹುರಿದುಂಬಿಸುತ್ತಾರೆ. ಅವರ ಉಪಕಾರವನ್ನು ನಾನು ಮರೆಯುವವನಲ್ಲ.

8. ಹೀಗಿರಲಾಗಿ, ಬೆಂಗಳೂರಿನಿಂದ ನಿಜವಾದ ತಜ್ಞರೊಬ್ಬರು ಸಿಕ್ಕಿದ್ದಾರೆಂದೂ ಇದೇ ತಿಂಗಳು ಬರುತ್ತಾರೆಂದೂ ತಮ್ಮ ನೋಟೀಸು ಬಂದಿದೆ. ಒತ್ತಕ್ಷರ ಬಂದಲ್ಲಿ ಮಾತ್ರ ಮೇಷ್ಟ್ರನ್ನು ಕೇಳಿ, ಅದನ್ನು ಬೆರಳಿಟ್ಟು ನಾನೇ ಓದಿದೆ. ಅವರು ನೋಡಿದ ಕೂಡಲೇ ಇದು ನನ್ನ ಬರಹವಲ್ಲ ಎನ್ನುತ್ತಾರೆ. ನಾನು ಬಿಡುಗಡೆಯಾಗುತ್ತೇನೆ, ತೂಬಿನ ಕೆಲಸವೂ ಸಿಗುತ್ತದೆ. ಅಪ್ಪಣೆ ಮುಗಿದ ಮರುದಿನ ಶಾಲೆಯಿಂದ ಹೊರಗೆ.

9. ಈ ಸುದ್ದಿ ಹೇಳಿದಾಗ ನನ್ನ ಹೆಂಡತಿ ಹೊನ್ನಕ್ಕ, "ಅಂಗಾರೆ ಇಸ್ಕೂಲು ಬಿಡೋಕ್ ಮುಂಚೆ ನನ್ನೆಸರು ಬರೆದು ತೋರ್ಸು" ಎಂದಳು. ಕಾಗುಣಿತ ಮುಗಿದಿದೆ, ಒತ್ತಕ್ಷರ ಇನ್ನೂ ಆಗಿಲ್ಲ. ಸ್ಲೇಟಿನ ಮೇಲೆ 'ಹೊನಕ' ಎಂದು ಬರೆದೆ. ಅವಳು ಬಹಳ ಹೊತ್ತು ನೋಡಿದಳು. ಸುಳ್ಳು ಹೇಳಲಾರದೆ, "ಒತ್ತು ಬಿಟ್ಟೋಗದೆ ಕಣಮ್ಮಿ, ಎರಡು" ಎಂದೆ.

"ಪೂರಾ ಬರೆಯೋಗಂಟ ಓಗು. ಕೂಲಿಗೆ ನಾನೋಯ್ತೀನಿ" ಎಂದಳು. ಹದಿನಾರು ತಿಂಗಳಿಂದ ಹೋಗುತ್ತಿರುವವಳೂ ಅವಳೇ.

ಆದ್ದರಿಂದ, ಸದರಿ ತಜ್ಞರ ಯೋಗ್ಯತೆಯ ಬಗ್ಗೆ ಏನಾದರೊಂದು ಸಂದೇಹ ಪಟ್ಟು, ಅವರಿಗಿಂತ ಅರ್ಹರನ್ನು ಬರುವ ಯುಗಾದಿಯವರೆಗೆ ಹುಡುಕಿಸುತ್ತಿರಬೇಕಾಗಿ ಪ್ರಾರ್ಥನೆ.

ಸನ್ನಿಧಾನದಲ್ಲಿ ಪೂರ್ಣ ವಿಶ್ವಾಸವುಳ್ಳ ಆರೋಪಿ,
ಮಂಚಯ
(ರುಜು ಸ್ವಂತದ್ದು. ಉಳಿದ ಬರಹ, ಆರೋಪಿ ಹೇಳಿದಂತೆ, ಷಡಕ್ಷರಿ ಮೇಷ್ಟ್ರದು.)

ಲಗತ್ತು:
1. ಕೈಬರಹದ ಮಾದರಿ, ಇಪ್ಪತ್ತರ ಪೈಕಿ ಏಳು ಸಾಲು.
2. ಶಾಲೆಯ ಹಾಜರಿ ಪಟ್ಟಿಯ ನಕಲು. ಗೈರುಹಾಜರಿ ಇಲ್ಲ.

ವಿಶೇಷ ಸೂಚನೆ: ಈ ಅರ್ಜಿಯ ಮೇಲಿನ ಹುಕುಮನ್ನು ದಪ್ಪ ಅಕ್ಷರದಲ್ಲಿ, ಆದಷ್ಟೂ ಒತ್ತಕ್ಷರ ಬಾರದಂತೆ ಬರೆಯಿಸಬೇಕು. ಯಾರನ್ನೂ ಕೇಳದೆ ನಾನೇ ಓದಿಕೊಳ್ಳುತ್ತೇನೆ.