ಸ್ಪ್ಯಾನಿಷ್ ಕಲಿಯಲು ಮನೆ ಹುಡುಕಿದ್ದು

ಕೆಲವರ ಜೀವನದಲ್ಲಿ ಆಗೊಮ್ಮೆ ಈಗೊಮ್ಮೆ ನಗು ಬರುವಂಥದ್ದು ನಡೆಯುತ್ತದಂತೆ. ನನಗೆ ನಡೆಯುವುದೆಲ್ಲ ಅಂಥದ್ದೇ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಲಾಕ್‌ಡೌನಿನಲ್ಲಿ ಹೊತ್ತು ಹೋಗಲೆಂದು ಫೋನಿನಲ್ಲಿ ಸ್ಪ್ಯಾನಿಷ್ ಕಲಿಯಲು ಶುರುಮಾಡಿದವಳು, ಲಾಕ್‌ಡೌನ್ ಮುಗಿದರೂ ಬಿಡಲಿಲ್ಲ. ಕುಕ್ಕರ್ ಕೂಗುವಾಗ ಒಂದು ಪಾಠ, ಬಸ್ಸಿನಲ್ಲಿ ಒಂದು ಪಾಠ. ಹೋದ ವರ್ಷ ತೀರ್ಮಾನ ಮಾಡಿದೆ: ಬೇಸಿಗೆ ರಜೆಯಲ್ಲಿ ಸ್ಪೇನಿಗೆ ಹೋಗಬೇಕು, ಅಲ್ಲಿಯ ಭಾಷಾ ಶಾಲೆಯೊಂದಕ್ಕೆ ಒಂದು ತಿಂಗಳು ಸೇರಬೇಕು, ಶಾಲೆಯವರು ಗೊತ್ತುಮಾಡಿಕೊಡುವ ಮನೆಯಲ್ಲಿ ಮನೆಯವರ ಜೊತೆಗೇ ಇರಬೇಕು. ನನಗೋಸ್ಕರ ಅಂತ ನಾನು ಆಸೆಪಟ್ಟಿದ್ದು ಅದೊಂದೇ. ಅದಕ್ಕೇ ಇರಬೇಕು, ಹೀಗಾಯಿತು.

ಮನೆಯಲ್ಲಿ ಹೇಳಿದ್ದು

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ನಮ್ಮ ಯಜಮಾನರು ಮುದ್ದೆ ಮುರಿಯುತ್ತಾ ಕೇಳಿದರು, "ಯಾಕೆ, ಮೈಸೂರಲ್ಲಿ ಯಾರೂ ಕಲಿಸಲ್ವಾ?"

"ಕಲಿಸ್ತಾರೆ. ಆದ್ರೆ ಅವರ ಮಧ್ಯೆ ಇದ್ದರೆ ಬೇಗ ಬರುತ್ತೆ ರೀ."

"ಬಂದು ಏನಾಗ್ಬೇಕು?"

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಶಿವಪುರದ ಕಡೆಯವರಾದ ನಮ್ಮ ಅತ್ತೆ ಬಾಯಿಹಾಕಿದರು. "ಅಲ್ಲ ಕಣಮ್ಮಿ, ಕನ್ನಡದಲ್ಲೇ ನನ್ ಜೊತೆ ನಾಕು ಮಾತಾಡಕ್ಕೆ ಪುರ್ಸೊತ್ತಿಲ್ಲ ನಿಂಗೆ. ಇನ್ನೊಂದು ಭಾಸೆ ಬ್ಯಾರೆ ಕಲ್ತು ಅದ್ರಲ್ಲೂ ಸುಮ್ಕಿರಾಕಾ?"

ಮಳವಳ್ಳಿಯ ತಮ್ಮ

ಶಾಲೆ ಆರಿಸುವುದು ಸುಲಭ ಅಂದುಕೊಂಡಿದ್ದೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ನೂರಾರು ಶಾಲೆ. ಎಲ್ಲದರಲ್ಲೂ ಅದೇ ಫೋಟೋ: ನಾಲ್ಕು ಹುಡುಗ ಹುಡುಗಿಯರು ಪುಸ್ತಕ ಹಿಡಿದು ನಗುತ್ತಿರುತ್ತಾರೆ. ನನ್ನ ವಯಸ್ಸಿನವರು ಒಂದರಲ್ಲೂ ಇಲ್ಲ. ಸಮುದ್ರದ ದಡದ ಊರೊಂದು ಇಷ್ಟವಾಯಿತು. "ಕಲಿಯೋಕೆ ಹೋಗ್ತೀಯೋ ಈಜೋಕೆ ಹೋಗ್ತೀಯೋ?" ಅಂದರು ಯಜಮಾನರು. ಅದನ್ನು ಬಿಟ್ಟೆ. ಕೊನೆಗೆ ಒಳನಾಡಿನ ಒಂದು ಸಣ್ಣ ಊರಿನ ಶಾಲೆ ಹಿಡಿದೆ.

ಟಿಕೆಟ್ಟಿನ ವಿಚಾರ ಕೇಳೋಣವೆಂದು ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದ್ದೇ ತಪ್ಪಾಯಿತು. ಅವನದು ಮಳವಳ್ಳಿಯಲ್ಲಿ ಟೂರ್ ಬಸ್ಸಿನ ಆಫೀಸು. ತಿರುಪತಿ, ಧರ್ಮಸ್ಥಳಕ್ಕೆ ಜನ ಹೊರಡಿಸುತ್ತಾನೆ.

"ಅಕ್ಕಾ, ಜನ ಎಷ್ಟಾಯ್ತರೆ?"

"ನಾನೊಬ್ಬಳೇ ಕಣೋ."

"ಒಬ್ರಿಗೆ ಗಿಟ್ಟಕಿಲ್ಲ ಬುಡಕ್ಕ. ಮೂವತ್ತು ಜನ ಆದ್ರೆ ಅಡುಗೆಯೋರನ್ನೂ ಕರ್ಕೊಂಡೇ ಓಗ್ಬೋದು."

ಸಂಜೆಯೊಳಗೆ ಅವನ ವಾಟ್ಸಾಪ್ ಗ್ರೂಪಿನಲ್ಲಿ 'ಸ್ಪೇನ್ ಯಾತ್ರೆ, ಊಟ ವಸತಿ ಸಹಿತ' ಅಂತ ಬಂದಿತ್ತು, ಕೆಳಗೆ ನನ್ನ ನಂಬರು. ದುದ್ದದಿಂದ ಒಬ್ಬ ಹಿರಿಯರು ಫೋನ್ ಮಾಡಿ ದಂಪತಿ ಸಮೇತ ಬರುತ್ತೇವೆ ಅಂದರು. ಅದು ಯಾತ್ರೆಯಲ್ಲ, ಸ್ಕೂಲು ಅಂತ ಬಿಡಿಸಿ ಹೇಳಿದೆ. ಅವರು ಹೇಳಿದರು, "ಆಗ್ಲಿ ಬುಡವ್ವ, ನೀವು ಸ್ಕೂಲ್ಗೆ ಓಗಿ ಬರೋಗಂಟ ನಾವು ಬಸ್ಸಲ್ಲೇ ಕೂತಿರ್ತೀವಿ."

ಬಾಯಿ ಪರೀಕ್ಷೆ

ಯಾವ ತರಗತಿಗೆ ಹಾಕಬೇಕೆಂದು ತಿಳಿಯಲು ಶಾಲೆಯವರು ವಿಡಿಯೋದಲ್ಲಿ ಪರೀಕ್ಷೆ ಮಾಡಿದರು. ಮೇಡಂ ನಗುಮುಖದವರು. ನಿಮ್ಮ ಬಗ್ಗೆ ಹೇಳಿ ಅಂದರು. ಊರು, ಕೆಲಸ ಎಲ್ಲ ತಡವರಿಸದೆ ಹೇಳಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು ಅಂತಲೂ ಹೇಳಿದೆ. ಮೇಡಂ ಮುಖದಲ್ಲಿ ಇದ್ದಕ್ಕಿದ್ದಂತೆ ಮರುಕ ತುಂಬಿಕೊಂಡಿತು.

ಆ ಭಾಷೆಯಲ್ಲಿ 'ಕಸಾದಾ' ಅಂದರೆ ಮದುವೆಯಾದವಳು, 'ಕನ್ಸಾದಾ' ಅಂದರೆ ದಣಿದವಳು. ಗಾಬರಿಯಲ್ಲಿ ಒಂದು 'ನ್' ಹೆಚ್ಚಿಗೆ ಬಿದ್ದು, ಇಪ್ಪತ್ತೆರಡು ವರ್ಷದಿಂದ ದಣಿದಿದ್ದೇನೆ ಎಂದುಬಿಟ್ಟಿದ್ದೆ. ತಪ್ಪು ಗೊತ್ತಾದ ಕೂಡಲೇ ತಿದ್ದಿಕೊಳ್ಳಲು ಹೋದೆ. ಮೇಡಂ ಕೈಯೆತ್ತಿ ತಡೆದರು. "ಬೇಡ, ವಾಕ್ಯ ಸರಿಯಾಗಿಯೇ ಇದೆ" ಅಂದರು.

ಮನೆ ನೋಡುವ ಶಾಸ್ತ್ರ

ನಾನು ಉಳಿದುಕೊಳ್ಳುವ ಮನೆಗೆಂದು ಶಾಲೆಯವರು ಮೂರು ವಿಳಾಸ ಕಳಿಸಿದರು. ಮೊದಲನೆಯದು ಒಂಟಿ ಗಂಡಸಿನ ಮನೆ. ಅವರಿಗೆ ಎಪ್ಪತ್ತೈದು ವರ್ಷ ಅಂದರೂ ಯಜಮಾನರು ಒಪ್ಪಲಿಲ್ಲ. ಎರಡನೆಯ ಮನೆಯವರಿಗೆ ನಾನು ದನದ ಮಾಂಸ, ಹಂದಿ ಮಾಂಸ ತಿನ್ನುವುದಿಲ್ಲವೆಂದು ಬರೆದೆ. ಏನೂ ಯೋಚನೆ ಮಾಡಬೇಡಿ, ನಾವೂ ಹಂದಿ ಕಮ್ಮಿ, ದಿನಾ ಬರೀ ಹ್ಯಾಮ್ ಅಂತ ಉತ್ತರ ಬಂತು. ಹ್ಯಾಮ್ ಅಂದರೆ ಹಂದಿಯ ತೊಡೆ.

ಮೂರನೆಯದು ಅತ್ತೆಯ ವಯಸ್ಸಿನ ಒಬ್ಬ ವಿಧವೆಯ ಮನೆ. ಅಲ್ಲಿ ಅಂಥವರನ್ನು ಸೆನ್ಯೋರಾ ಅನ್ನುತ್ತಾರೆ, ನಮ್ಮಲ್ಲಿ ಅಮ್ಮಾವ್ರು ಅನ್ನುವ ಹಾಗೆ. ವಿಡಿಯೋ ಕಾಲ್ ಗೊತ್ತುಮಾಡಿದೆವು. ಸುದ್ದಿ ತಿಳಿದು ಮದ್ದೂರಿನಿಂದ ನಾದಿನಿ ವಡೆ ಕಟ್ಟಿಸಿಕೊಂಡು ಬಂದಳು. ಫೋನನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಎಲ್ಲರೂ ಎದುರಿಗೆ ಕೂತರು.

"ಮಕ್ಕಳೆಷ್ಟು ಅಂತ ಕೇಳಮ್ಮಿ" ಅಂದರು ಅತ್ತೆ. ಕೇಳಿದೆ.

"ಸೊಸೆ ಜೊತೇಲಿ ಅವ್ಳಾ, ಬ್ಯಾರೆನಾ?" ಕೇಳಿದೆ.

"ಯಾತರಲ್ಲಿ ತೀರ್ಕೊಂಡ್ರಂತೆ ಅವ್ರ ಯಜಮಾನ್ರು? ಹಿತ್ಲು ಎಷ್ಟದೆ? ನೀರು ಎಷ್ಟೊತ್ತಿಗೆ ಬತ್ತದೆ?"

ಸೆನ್ಯೋರಾ ಒಂದಕ್ಕೂ ಬೇಸರ ಮಾಡಿಕೊಳ್ಳದೆ, ಎದ್ದು ಹೋಗಿ ನಲ್ಲಿ ತಿರುಗಿಸಿ ತೋರಿಸಿದರು. ನನಗೆ ಅಳು ಬಂತು. ನನ್ನನ್ನು ಈ ಮನೆಗೆ ಕೊಡುವಾಗ ನಮ್ಮಪ್ಪ ಇದರಲ್ಲಿ ಕಾಲುಭಾಗವನ್ನೂ ವಿಚಾರಿಸಿರಲಿಲ್ಲ.

ವೀಸಾ

ಎಲ್ಲ ಕಾಗದ ಹೊಂದಿಸಿಕೊಂಡು ಬೆಂಗಳೂರಿಗೆ ಹೋಗಿ ಕೊಟ್ಟು ಬಂದೆ. ಸೂಟ್‌ಕೇಸ್ ತಂದೆ. ಎರಡು ಚೂಡಿದಾರ್ ಹೊಲಿಸಿದೆ. ಕಾಲೇಜಿನಲ್ಲಿ ಬೀಳ್ಕೊಡುಗೆಯಾಗಿ ಮೈಸೂರುಪಾಕನ್ನೂ ಹಂಚಿಬಿಟ್ಟರು. ಆಮೇಲೆ ಪಾಸ್‌ಪೋರ್ಟು ವಾಪಸು ಬಂತು. ವೀಸಾ ಇಲ್ಲ. ಈ ವಯಸ್ಸಿನಲ್ಲಿ, ಈ ಉದ್ಯೋಗದವರು, ಈ ಭಾಷೆ ಕಲಿಯಲು ಹೋಗುವುದಕ್ಕೆ ಕಾರಣ ಸ್ಪಷ್ಟವಿಲ್ಲ ಅಂತ ಬರೆದಿತ್ತು. ಯಜಮಾನರು ಮೊದಲ ದಿನ ಊಟದ ಹೊತ್ತಿನಲ್ಲಿ ಕೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದು ಸೀಲು ಹೊಡೆದಿದ್ದರು.

ಒಂದು ವಾರ ನಾನು ಫೋನಿನ ಸ್ಪ್ಯಾನಿಷ್ ಪಾಠವನ್ನೂ ತೆರೆಯಲಿಲ್ಲ. ಯಜಮಾನರು ಮೂರು ಸಲ "ಹೋಗ್ಲಿ ಬಿಡು, ಊಟಿಗೆ ಹೋಗಿ ಬರೋಣ" ಅಂದರು. ಅದರಿಂದ ಇನ್ನೂ ಅಳು ಬಂತು.

ಕೊನೆಗೆ ನಡೆದದ್ದು

ಬರಲಾಗುವುದಿಲ್ಲವೆಂದು ಸೆನ್ಯೋರಾಗೆ ಮೆಸೇಜು ಮಾಡಿದೆ. ಅವರ ಉತ್ತರವನ್ನು ಎರಡೆರಡು ಸಲ ಓದಿದೆ. ಎಷ್ಟೋ ವರ್ಷದಿಂದ ಎಷ್ಟೋ ದೇಶದವರನ್ನು ಮನೆಯಲ್ಲಿಟ್ಟುಕೊಂಡಿದ್ದೇನೆ, ನಮ್ಮೂರಿಗೆ ಬಾ ಅಂತ ಯಾರೂ ಕರೆದಿರಲಿಲ್ಲ, ನಿಮ್ಮ ಅತ್ತೆ ಕರೆದರು, ನಾನೇ ಬರುತ್ತೇನೆ ಅಂತ ಬರೆದಿದ್ದರು. ವಿಚಾರಿಸಿದರೆ, ವಿಡಿಯೋ ಕಾಲ್ ಮುಗಿಸುವಾಗ ಅತ್ತೆ ಕೈಬೀಸಿ ಕರೆಯುತ್ತಾ "ಬಾರವ್ವ ಒಂದ್ಸಲ" ಅಂದಿದ್ದರಂತೆ. ನಮ್ಮ ದೇಶ ಅವರಿಗೆ ತಕರಾರಿಲ್ಲದೆ ವೀಸಾ ಕೊಟ್ಟಿತು. ಮಂಡ್ಯಕ್ಕೆ ಯಾಕೆ ಅಂತ ಯಾರೂ ಕೇಳಲಿಲ್ಲ.

ನನಗೆ ಜೀವ ಬಂದಂತಾಯಿತು. ನಾನು ಹೋಗದಿದ್ದರೇನು, ಸ್ಪ್ಯಾನಿಷೇ ಮನೆಗೆ ಬರುತ್ತಿದೆ! ಡಿಸೆಂಬರಿನಲ್ಲಿ ಅವರು ಬಂದ ಬೆಳಿಗ್ಗೆ ಬಾಗಿಲಲ್ಲೇ ಸ್ಪ್ಯಾನಿಷಿನಲ್ಲಿ ಸ್ವಾಗತಿಸಿದೆ. ಸೆನ್ಯೋರಾ ಬೆರಳು ಅಲ್ಲಾಡಿಸಿ ಬೇಡ ಅಂದರು. ಮನೆಯವರ ಜೊತೆ ಅವರ ಭಾಷೆಯಲ್ಲೇ ಮಾತಾಡಬೇಕು, ಇಲ್ಲವಾದರೆ ಕಲಿಯಲಾಗದು, ಇದು ನನ್ನ ಮನೆಯ ನಿಯಮ ಅಂತ ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿ, ಚಪ್ಪಲಿ ಬಿಟ್ಟು ಸೀದಾ ಅತ್ತೆಯ ಪಕ್ಕ ಹೋಗಿ ಕೂತರು.

ಆಮೇಲೆ ಒಂದು ತಿಂಗಳು ಅವರಿಬ್ಬರೂ ನನ್ನ ಕೈಗೆ ಸಿಗಲಿಲ್ಲ. ಒಟ್ಟಿಗೆ ಅವರೆಕಾಯಿ ಬಿಡಿಸಿದರು. ಸೊಪ್ಪಿನವಳ ಜೊತೆ ಜಗಳವಾಡಿದರು. ಬಸ್ಸು ಹತ್ತಿ ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ತಂದು ನನಗೆ ಕೊಟ್ಟರು. ನಾನು ಕಾಲೇಜಿಂದ ಬಂದು ಮಾತಾಡಿಸಿದರೆ ಸೆನ್ಯೋರಾ "ಏನಮ್ಮಿ?" ಅನ್ನುತ್ತಿದ್ದರು, ಅತ್ತೆಯದೇ ರಾಗದಲ್ಲಿ. ಅತ್ತೆ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು.

ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಅತ್ತೆ ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ಕೂತರು. ಇದೇ ಕಡೆಯ ಅವಕಾಶ ಅಂತ ನಾನು ಸೆನ್ಯೋರಾ ಕೈಹಿಡಿದು, ವಾರವೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ವಿದಾಯದ ಮಾತುಗಳನ್ನು ಅವರ ಭಾಷೆಯಲ್ಲಿ ಪೂರ್ತಿ ಒಪ್ಪಿಸಿದೆ. ಅವರು ತಲೆ ವಾಲಿಸಿ, ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡರು. ಆಮೇಲೆ ನನ್ನ ಗಲ್ಲ ಹಿಡಿದು, ತುಂಬು ಪ್ರೀತಿಯಿಂದ ಅಂದರು:

"ಬುಡು ಕಣಮ್ಮಿ, ನಿಂಗೆ ಬರಾಕಿಲ್ಲ ಅದು."