ಕರ್ಚೀಫ್ ಹಾಕಿದ ಕುರ್ಚಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಲು ಬರುವುದಿಲ್ಲ. ಆಫೀಸಿನ ಈಮೇಲ್ ಬಿಟ್ಟರೆ ನಾನು ಏನನ್ನಾದರೂ ಬರೆಯುತ್ತಿರುವುದು ಇದೇ ಮೊದಲು. ಆ ಈಮೇಲ್‌ಗಳನ್ನೂ ಯಾರೂ ಕೊನೆವರೆಗೆ ಓದುವುದಿಲ್ಲ ಎಂದು ನನ್ನ ಮ್ಯಾನೇಜರ್ ಹೇಳಿದ್ದಾರೆ. ಆದರೂ ಬರೆಯಲೇಬೇಕು. ಯಾಕೆಂದರೆ ನಾನು ಅಮೆರಿಕದ ಒಂದು ಸರ್ಕಾರಿ ಸಭೆಯಲ್ಲಿ ಬಾರದವನ ಹಾಜರಿ ಹೇಳಿ ಪ್ರಾಕ್ಸಿ ಹಾಕಿದೆ ಎಂದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನಂಬಿಕೊಂಡಿದ್ದಾರೆ. ನಾನು ಹಾಕಿಲ್ಲ. ನನಗೆ ಇಂಥದ್ದು ಆಗುತ್ತಲೇ ಇರುತ್ತದೆ: ನಾನು ಸುಮ್ಮನೆ ಒಂದು ಕಡೆ ಕೂತಿರುತ್ತೇನೆ, ಪಕ್ಕದಲ್ಲಿ ಏನೋ ನಡೆಯುತ್ತದೆ, ಎಲ್ಲರೂ ನನ್ನ ಮುಖ ನೋಡುತ್ತಾರೆ.

1. ಕರ್ಚೀಫ್

ಮೊದಲು ಊರಿನ ವಿಷಯ. ನಮ್ಮದು ಅಮೆರಿಕದ ದಕ್ಷಿಣದಲ್ಲಿರುವ ಷಾರ್ಲೆಟ್ ನಗರದಿಂದ ರಾಜ್ಯದ ಗಡಿ ದಾಟಿದರೆ ಸಿಗುವ ಒಂದು ಸಣ್ಣ ಊರು. ಹೆಸರು ಹೇಳುವುದಿಲ್ಲ, ಯಾಕೆ ಎಂದು ಆಮೇಲೆ ನಿಮಗೇ ಗೊತ್ತಾಗುತ್ತದೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳೂ ಇನ್ನು ಹತ್ತು ಹುಡುಗಿಯರೂ ಸೇರಿ ಒಂದು ಕ್ರಿಕೆಟ್ ಟೀಮ್ ಮಾಡಿಕೊಂಡಿದ್ದಾರೆ. ಅವರು ಆಡುವುದು ಮುಚ್ಚಿಹೋದ ಹಳೆಯ ಶಾಲೆಯ ಹಿಂದಿನ ಮೈದಾನದಲ್ಲಿ. ಆ ಮೈದಾನಕ್ಕೆ ಟಾರು ಹಾಕಿ ಕಾರ್ ಪಾರ್ಕಿಂಗ್ ಮಾಡಬೇಕು ಎಂದು ಊರಿನ ಕೌನ್ಸಿಲ್ ಯೋಚಿಸುತ್ತಿತ್ತು. ಅದೇ ಹೊತ್ತಿಗೆ ಮಕ್ಕಳ ಕ್ರೀಡೆ ಮತ್ತು ಮನರಂಜನೆಗೆ ಒಂದು ಸಲಹಾ ಆಯೋಗ ರಚಿಸುವ ಮಾತೂ ಬಂತು. ಸಲಹಾ ಆಯೋಗ ಎಂದರೆ, ನಾವು ಹೇಳಬಹುದು, ಅವರು ಕೇಳಬೇಕು ಎಂದೇನಿಲ್ಲ. ಮನೆಯಲ್ಲಿ ನನಗೆ ಇರುವ ಸ್ಥಾನವೇ ಅದು, ಹಾಗಾಗಿ ಅನುಭವವಿದೆ ಎಂದು ಸದಸ್ಯನಾಗಲು ಅರ್ಜಿ ಹಾಕಿದೆ.

ಆಯೋಗ ಬೇಕೋ ಬೇಡವೋ ಎಂದು ಜನರನ್ನು ಕೇಳುವ ಸಭೆ ಅದೇ ಹಳೆಯ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿತ್ತು. ನಾನು ಮೊದಲು ಹೋದೆ. ಮೈಸೂರಿನ ನನ್ನ ಗೆಳೆಯ ಪಾರ್ಕಿಂಗ್ ಹುಡುಕುತ್ತಿದ್ದ. ಇವನೂ ನಾನೂ ಇಂಜಿನಿಯರಿಂಗ್ ಕಾಲೇಜಿನಿಂದ ಒಟ್ಟಿಗಿದ್ದೇವೆ, ಇದು ಮುಂದೆ ಮುಖ್ಯವಾಗುತ್ತದೆ. ಮುಂದಿನ ಸಾಲಿನಲ್ಲಿ ಒಂದು ಮರದ ಕುರ್ಚಿ ಖಾಲಿ ಇತ್ತು. ಜೇಬಿನಿಂದ ನೀಲಿ ಚೌಕಳಿಯ ಕರ್ಚೀಫ್ ತೆಗೆದು ಅದರ ಮೇಲೆ ಹಾಕಿದೆ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಲೆಕ್ಕ. ಗೆಳೆಯನ ಮಗುವಿಗೆ ಜ್ವರ ಎಂದು ಫೋನ್ ಬಂದು ಅವನು ಬಾಗಿಲಿನಿಂದಲೇ ವಾಪಸ್ ಹೋದ.

ಹಾಲ್ ತುಂಬಿತು. ಜನ ಗೋಡೆಗೆ ಒರಗಿ ನಿಂತರು. ಆ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಕೋಲು ಹಿಡಿದ ಅಜ್ಜಿಯೊಬ್ಬರು ಹತ್ತಿರ ಬಂದು, ಕರ್ಚೀಫ್ ನೋಡಿ, ಎದೆಯ ಮೇಲೆ ಕೈಯಿಟ್ಟು ಹಿಂದೆ ಸರಿದರು. ನನಗೆ ಹೆಮ್ಮೆಯಾಯಿತು. ಬೆಂಗಳೂರಿನ ಬಸ್ಸಿನಲ್ಲೂ ನನ್ನ ಕರ್ಚೀಫಿಗೆ ಇಷ್ಟು ಬೆಲೆ ಸಿಕ್ಕಿರಲಿಲ್ಲ.

ಸಭೆ ಮುಗಿದ ಮೇಲೆ ಕೌನ್ಸಿಲ್‌ನ ಗುಮಾಸ್ತೆ ನನ್ನ ಬಳಿ ಬಂದರು. ಬಿಳಿ ಕೂದಲಿನ ಹೆಂಗಸು, ಯಾವಾಗಲೂ ಕೈಯಲ್ಲಿ ಹಾಜರಿ ಪಟ್ಟಿ. ಗೋಡೆಯ ಮೇಲಿದ್ದ ಫೋಟೋ ತೋರಿಸಿದರು: ಟೋಪಿ, ಕೊರಳಲ್ಲಿ ವಿಸಲ್, ನಗದ ಮುಖ.

"ನಮ್ಮ ಬೇಸ್‌ಬಾಲ್ ಕೋಚ್. ಒಂದು ಸಭೆಯನ್ನೂ ತಪ್ಪಿಸಿದವರಲ್ಲ. ಪ್ರತಿ ಸಲ ಎದ್ದು ನಿಂತು ಒಂದೇ ಮಾತು, ಮೈದಾನ ಮಕ್ಕಳಿಗೆ ಬಿಡಿ ಅಂತ. ಕೋವಿಡ್ ಶುರುವಾದ ವರ್ಷ ಹೋದರು. ಹೂ ಇಡೋದಕ್ಕೂ ನಾವು ಸೇರೋ ಹಾಗಿರಲಿಲ್ಲ. ಅದು ಅವರ ಕುರ್ಚಿ. ನಿಮಗೆ ಹೇಗೆ ಗೊತ್ತಾಯ್ತು?"

ನಾನು ಬಸ್ಸಿನ ವಿಷಯ ಹೇಳಬೇಕಿತ್ತು. ಅವರ ಕಣ್ಣು ಒದ್ದೆಯಾಗಿತ್ತು. "ನಮ್ಮಲ್ಲಿ ಹಾಗೇ ಪದ್ಧತಿ" ಎಂದುಬಿಟ್ಟೆ. ಅದು ಸುಳ್ಳೇನಲ್ಲ.

ಕರ್ಚೀಫ್ ಅಲ್ಲೇ ಮರೆತು ಬಂದೆ. ಮುಂದಿನ ಸಭೆಗೆ ಹೋದಾಗ ಅದು ಅದೇ ಕುರ್ಚಿಯ ಮೇಲಿತ್ತು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿತ್ತು. ಗುಮಾಸ್ತೆಯನ್ನು ಕೇಳಿದೆ, ಅವರು ಮುಟ್ಟಿಲ್ಲವಂತೆ. ಬೀಗದ ಕೈ ಅವರೊಬ್ಬರ ಬಳಿಯೇ ಇರುವುದಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೆದರಲಿಲ್ಲ. "ಇಸ್ತ್ರೀನೂ ಮಾಡ್ತಾರಾ? ನಿಮ್ಮ ನಾಲ್ಕು ಶರ್ಟೂ ಅಲ್ಲೇ ಬಿಟ್ಟು ಬನ್ನಿ" ಅಂದಳು.

2. ಮೂರು ನಿಮಿಷ

ಇಲ್ಲಿನ ಸಭೆಗಳಲ್ಲಿ ಯಾರು ಬೇಕಾದರೂ ಮಾತಾಡಬಹುದು, ಆದರೆ ಮೂರೇ ನಿಮಿಷ. ಯಾರೂ ಪಾಲಿಸುವುದಿಲ್ಲ. ಎರಡನೆಯ ಸಭೆಯಲ್ಲಿ ಪಾರ್ಕಿಂಗ್ ಬೇಕು ಎನ್ನುವ ಒಬ್ಬ ಅಂಗಡಿಯವರು ಎದ್ದು ಮಾತಾಡುತ್ತಲೇ ಹೋದರು. ಸರಿಯಾಗಿ ಮೂರು ನಿಮಿಷಕ್ಕೆ ಎಲ್ಲಿಂದಲೋ ಒಂದು ವಿಸಲ್ ಕೇಳಿಸಿತು. ಉದ್ದವಾಗಿ, ಚೂಪಾಗಿ. ಅವರು ಸುತ್ತ ನೋಡಿ ಕೂತರು.

ನನ್ನ ಹೆಂಡತಿ ಅರ್ಧ ಎದ್ದಿದ್ದಳು. "ಏನಾಯ್ತೇ?" ಅಂದೆ.

"ಏನಿಲ್ಲ. ಕುಕ್ಕರ್ ಅಂದ್ಕೊಂಡೆ. ಇನ್ನೆರಡು ಆದ್ರೆ ಆಫ್ ಮಾಡ್ಬೇಕು."

"ಅದು ಹೀಟಿಂಗ್ ಪೈಪ್" ಎಂದು ಒಬ್ಬ ಕೌನ್ಸಿಲ್ ಸದಸ್ಯರು ಎಲ್ಲರಿಗೂ ಸಮಾಧಾನ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಕಟ್ಟಡದ ಮೇಲ್ವಿಚಾರಕ ಮೆಲ್ಲಗೆ, "ಪೈಪ್ ಕಿತ್ತು ಎರಡು ವರ್ಷ ಆಯ್ತು ಸರ್" ಅಂದ. ಆಮೇಲೆ ಮಾತಾಡಿದವರೆಲ್ಲ ಎರಡು ಮುಕ್ಕಾಲು ನಿಮಿಷಕ್ಕೇ ಥ್ಯಾಂಕ್ಯೂ ಹೇಳಿ ಕೂತರು. ಅವತ್ತೇ ಆಯೋಗದ ರಚನೆ ಪಾಸಾಯಿತು. ಏಳು ಸದಸ್ಯರು, ಅದರಲ್ಲಿ ನಾನೊಬ್ಬ, ಮೈಸೂರಿನ ಗೆಳೆಯ ಇನ್ನೊಬ್ಬ. ಊರಿನ ಚರಿತ್ರೆಯಲ್ಲೇ ಊಟದ ಹೊತ್ತಿಗೆ ಮುಗಿದ ಮೊದಲ ಸಭೆ ಅದು ಎಂದು ಗುಮಾಸ್ತೆ ಹೇಳಿದರು. ಹೇಳುವಾಗ ಫೋಟೋ ಕಡೆ ನೋಡಿದರು.

3. ಯಾವ ಅಂಕಲ್?

ಇದು ಚಿಕ್ಕದು. ಒಂದು ಶನಿವಾರ ಆಟ ಮುಗಿಸಿ ಕಾರ್ ಹತ್ತಿದ ಮಗಳು, "ಅಪ್ಪಾ, ಆ ಅಂಕಲ್ ನೈಸ್. ಬಾಲ್ ಬಂದಾಗ ಕಾಲು ಮುಂದೆ ಇಡು ಅಂತ ಹೇಳಿದ್ರು" ಅಂದಳು.

ಇವಳಿಗೆ ಗಡ್ಡ ಇರುವವರೆಲ್ಲ ಅಂಕಲ್, ಹಾಗಾಗಿ "ಯಾವ ಅಂಕಲ್?" ಎಂದು ಕೇಳಿದೆ.

"ವಿಸಲ್ ಅಂಕಲ್. ಬಟ್ ಅಪ್ಪಾ, ಹೀ ಡಸಂಟ್ ನೋ ಕ್ರಿಕೆಟ್. ನಾನು ರನ್ ಔಟ್ ಆದೆ, ಅವರು ಎರಡೂ ಕೈ ಅಗಲ ಮಾಡಿ ಸೇಫ್ ಅಂದ್ರು."

ಕೈ ಅಗಲ ಮಾಡಿ ಸೇಫ್, ಅಂದರೆ ಔಟ್ ಅಲ್ಲ, ಅನ್ನುವುದು ಬೇಸ್‌ಬಾಲ್‌ನಲ್ಲಿ. ಅವತ್ತು ಅಲ್ಲಿದ್ದ ದೊಡ್ಡವರು ನಾನು ಮತ್ತು ಇನ್ನೊಬ್ಬ ಹುಡುಗಿಯ ಅಪ್ಪ, ಇಬ್ಬರೇ. ವಿಸಲ್ ಅಂಕಲ್ ಅವರೇ ಇರಬೇಕು ಅಂದುಕೊಂಡೆ. ಅವರಿಗೆ ಫೋನ್ ಮಾಡಿದೆ. "ನಾನು ನೀವು ಅಂದ್ಕೊಂಡೆ" ಅಂದರು. ಇಬ್ಬರೂ ಒಟ್ಟಿಗೇ ಫೋನ್ ಇಟ್ಟೆವು.

ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದ ಮಗಳು ಕೇಳಿದಳು: "ಈಸ್ ಹೀ ಇನ್ ಟ್ರಬಲ್? ಬಿಡಪ್ಪ, ರೂಲ್ಸ್ ನಾನು ಹೇಳಿಕೊಟ್ಟಿದೀನಿ."

4. ಹಾಜರಿ

ಈಗ ಆ ಪ್ರಾಕ್ಸಿ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಆಯೋಗದ ಮೊದಲ ಸಭೆ ಶುಕ್ರವಾರ ಮಧ್ಯಾಹ್ನ, ಅದೇ ಹಾಲ್‌ನಲ್ಲಿ. ಸೋಮವಾರ ಪಾರ್ಕಿಂಗ್ ಬಗ್ಗೆ ಕೌನ್ಸಿಲ್ ತೀರ್ಮಾನ. ಅದಕ್ಕೆ ಮೊದಲು ನಮ್ಮ ಸಲಹೆ ಬರವಣಿಗೆಯಲ್ಲಿ ತಲುಪಿದರೆ ಅದನ್ನು ಓದುತ್ತೇವೆ ಎಂದಿದ್ದರು. ತಲುಪದಿದ್ದರೆ ಮೈದಾನ ಹೋಯಿತು. ಸಲಹೆ ಪಾಸಾಗಲು ಏಳರಲ್ಲಿ ಕನಿಷ್ಠ ನಾಲ್ಕು ಜನ ಹಾಜರಿರಬೇಕು. ಬೆಳಿಗ್ಗೆ ಬ್ಯಾಟ್ ಹಿಡಿದುಕೊಂಡೇ ತಿಂಡಿ ತಿಂದ ಮಗಳು, "ಅಪ್ಪಾ, ಯೂ ವಿಲ್ ಫಿಕ್ಸ್ ಇಟ್, ರೈಟ್?" ಎಂದು ಕೇಳಿ ಕಳಿಸಿದ್ದಳು.

ಅವತ್ತು ಹಿಮ ಬಿತ್ತು. ಒಂದು ಇಂಚು. ಉತ್ತರದ ಕಡೆಯವರು ನಗುತ್ತಾರೆ, ಆದರೆ ನಮ್ಮ ಕಡೆ ಒಂದು ಇಂಚು ಬಿದ್ದರೆ ಅಂಗಡಿಯಲ್ಲಿ ಬ್ರೆಡ್ಡು ಹಾಲು ಖಾಲಿ, ರಸ್ತೆ ಖಾಲಿ. ಬಂದವರು ಮೂರೇ ಜನ: ನಾನು, ಈಜು ಕಲಿಸುತ್ತಿದ್ದ ನಿವೃತ್ತ ಟೀಚರ್, ಚರ್ಚಿನ ಬ್ಯಾಸ್ಕೆಟ್‌ಬಾಲ್ ನಡೆಸುವವರು. ಗೆಳೆಯ ಫೋನ್ ಎತ್ತುತ್ತಿರಲಿಲ್ಲ. ಮೇಜಿನ ಸುತ್ತ ಏಳು ಕುರ್ಚಿ. ಗೆಳೆಯನ ಹೆಸರಿನ ಫಲಕದ ಹಿಂದೆ ಮಾತ್ರ ಆ ಮರದ ಕುರ್ಚಿ. ಮುಂದಿನ ಸಾಲಿನಿಂದ ಅದನ್ನು ಯಾರು ಎಳೆದು ತಂದರೋ. ಮೇಲೆ ನನ್ನ ಕರ್ಚೀಫ್.

ಗುಮಾಸ್ತೆ ಹೆಸರು ಕೂಗಲು ಶುರು ಮಾಡಿದರು. ನಾನು, ಹಾಜರು. ಟೀಚರ್, ಹಾಜರು. ಬ್ಯಾಸ್ಕೆಟ್‌ಬಾಲ್, ಹಾಜರು. ಮೂವರು ಗೈರು. ಆಮೇಲೆ ನನ್ನ ಗೆಳೆಯನ ಹೆಸರು.

ಒಪ್ಪಿಕೊಳ್ಳುತ್ತೇನೆ, ಕಾಲೇಜಿನಲ್ಲಿ ನಾಲ್ಕು ವರ್ಷ ಬೆಳಗಿನ ಮೊದಲ ಕ್ಲಾಸಿಗೆ ಇವನ ಹಾಜರಿ ನಾನೇ ಹೇಳಿದ್ದೇನೆ, ತಲೆ ಬಗ್ಗಿಸಿ, ದನಿ ಬದಲಿಸಿ. ಅವನ ಹೆಸರು ಕಿವಿಗೆ ಬಿದ್ದ ತಕ್ಷಣ ನನ್ನ ತಲೆ ತಾನಾಗಿಯೇ ಬಗ್ಗಿತು. ಬಾಯಿ ತೆರೆಯಿತು.

ಅಷ್ಟರಲ್ಲಿ ಆ ಕುರ್ಚಿಯ ಕಡೆಯಿಂದ ಒಂದು ಮುದಿ ದನಿ, ಈ ದಕ್ಷಿಣದ ಹಳಬರು ಎಳೆಯುತ್ತಾರಲ್ಲ ಹಾಗೆ ಎಳೆದು, "ಹಿಯರ್, ಮ್ಯಾಮ್" ಅಂದಿತು.

ಗುಮಾಸ್ತೆ ತಲೆ ಎತ್ತಲಿಲ್ಲ. ಅವರ ಪೆನ್ ಒಂದು ಕ್ಷಣ ನಿಂತಿತು, ಆಮೇಲೆ ಬರೆಯಿತು. "ನಾಲ್ಕು ಜನ. ಸಭೆ ಶುರು ಮಾಡೋಣ." ಟೀಚರ್ ನನ್ನನ್ನು ನೋಡಿದರು. ಬ್ಯಾಸ್ಕೆಟ್‌ಬಾಲಿನವರು ಕುರ್ಚಿಯನ್ನು ನೋಡಿ, ಟೋಪಿ ತೆಗೆದು, ನನ್ನನ್ನು ನೋಡಿದರು. ಮೈದಾನ ಮಕ್ಕಳಿಗೇ ಇರಲಿ ಎಂಬ ಸಲಹೆ ಐದು ನಿಮಿಷದಲ್ಲಿ ಪಾಸಾಯಿತು. ಪರ ನಾಲ್ಕು, ವಿರುದ್ಧ ಸೊನ್ನೆ.

ಹೊರಗೆ ಬರುವಾಗ ಗೆಳೆಯನ ಫೋನ್. "ಸಾರಿ ಕಣೋ! ಕಾರ್ ಜಾರಿ ಹಳ್ಳಕ್ಕೆ ಬಿತ್ತು, ಈಗ ಎಳೀತಿದಾರೆ. ಎಲ್ಲ ಹಾಳಾಯ್ತು ಅಲ್ವಾ?"

"ಇಲ್ಲ. ನೀನು ಬಂದಿದ್ದೆ."

"ಏನು?"

"ಓಟೂ ಹಾಕ್ದೆ."

ಅವನು "ಇಪ್ಪತ್ತು ವರ್ಷ ಆದ್ಮೇಲೂ ನಂಗೋಸ್ಕರ ಪ್ರಾಕ್ಸಿ ಹಾಕ್ತೀಯಲ್ಲೋ ಮಾರಾಯಾ" ಎಂದು ಭಾವುಕನಾದ. ನಾನು ಎಷ್ಟು ಹೇಳಿದರೂ ಕೇಳದೆ ವಾಟ್ಸಾಪ್‌ನಲ್ಲಿ ಎಲ್ಲರಿಗೂ ತಿಳಿಸಿದ. ಸೋಮವಾರ ಕೌನ್ಸಿಲ್ ನಮ್ಮ ಸಲಹೆ ಒಪ್ಪಿತು. ಮೈದಾನ ಉಳಿಯಿತು. ನನ್ನ ಮಾನ ಹೋಯಿತು.

ಅದಕ್ಕೇ ಇವತ್ತು ಶನಿವಾರ ಬೆಳಿಗ್ಗೆ ಅದೇ ಮೈದಾನದ ಅಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಾಯಿ ತೆರೆದದ್ದು ನಿಜ. ಆದರೆ ತೆರೆದದ್ದಕ್ಕೂ ಮಾತು ಬಂದದ್ದಕ್ಕೂ ಸಂಬಂಧವಿಲ್ಲ, ಅದನ್ನು ಅಳತೆ ಸಮೇತ ವಿವರಿಸುತ್ತೇನೆ. ಮೇಜಿನ ಉದ್ದ ಸುಮಾರು ಹತ್ತು ಅಡಿ. ನಾನು ಈ ತುದಿ, ಆ ಕುರ್ಚಿ ಆ ತುದಿ. ದನಿ ಬಂದದ್ದು ನನ್ನ ಎಡಗಿವಿಯ ಕಡೆಯಿಂದ. ಈಗ ನನ್ನ ಬಾಯಿ ಎಲ್ಲಿತ್ತು ಎಂದರೆ—

ಒಂದು ನಿಮಿಷ. ಮಗಳು ಕೂಗುತ್ತಿದ್ದಾಳೆ.

"ಅಪ್ಪಾ! ಕಮ್ ಆನ್! ನೀನು ಅಂಪೈರ್! ಅಂಕಲ್ ಆಗಲೇ ಎರಡು ವಿಸಲ್ ಹಾಕಿದ್ರು!"

ಮೂರನೆಯದು ಆಗುವ ಮೊದಲು ಹೋಗಿಬಿಡುತ್ತೇನೆ.