ಸುವರ್ಣಾ, ಅಮೀನಗಡ

ಹೇಡಿತನಕ್ಕೂ ಹಾಸ್ಯಕ್ಕೂ ಬಹಳ ಹತ್ತಿರದ ನೆಂಟಸ್ತನ ಎಂಬುದು ನನ್ನ ಅನುಭವ. ಧೈರ್ಯವಿದ್ದವರು ಎದುರಿಗೇ ಬೈದು ಬರುತ್ತಾರೆ. ಅದಿಲ್ಲದ ನನ್ನಂಥವರು ಮನೆಗೆ ಬಂದು, ಕಾಲು ತೊಳೆದು, ಚಹಾ ಕುಡಿದು, ಆಮೇಲೆ ಒಂದು ಚುರುಕಾದ ಸಾಲಿಗಾಗಿ ಜಂತಿ ನೋಡುತ್ತ ಕೂರುತ್ತೇವೆ. ನಾನು ಹುನಗುಂದದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಮನೆ ಅಮೀನಗಡದಲ್ಲಿ. ಕಚೇರಿಗೆ ಬರುವ ಪತ್ರಿಕೆಯಲ್ಲಿ ಒಂದು ಮೂಲೆಯಿದೆ. ಹಿಂದಿನ ದಿನದ ಸುದ್ದಿಯೊಂದನ್ನು ಹಾಕಿ ಅದರ ಕೆಳಗೆ ಓದುಗರು ಕಳಿಸಿದ ಒಂದೊಂದು ಸಾಲಿನ ಕುಟುಕು ಮಾತು ಅಚ್ಚು ಮಾಡುತ್ತಾರೆ. ಚಂದ್ರನ ಮೇಲೆ ನೀರಿನ ಕುರುಹು ಸಿಕ್ಕಿತು ಎಂದು ಸುದ್ದಿ ಬಂದಾಗ, ‘ನಮ್ಮ ಓಣಿಯ ನಳಕ್ಕೂ ಒಂದು ನೌಕೆ ಕಳಿಸಿ’ ಎಂದು ಬರೆದು ಕಳಿಸಿದೆ. ಅಚ್ಚಾಯಿತು. ಅಂದಿನಿಂದ ನನಗೆ ಸುದ್ದಿ ಓದುವುದಕ್ಕಿಂತ ಸುದ್ದಿಗೆ ಉತ್ತರ ಕೊಡುವುದೇ ಚಟವಾಯಿತು.

ಆದರೆ ಸರ್ಕಾರಿ ನೌಕರ ರಾಜಕೀಯದ ಬಗ್ಗೆ ಬಾಯಿ ತೆರೆಯುವ ಹಾಗಿಲ್ಲ, ಅದಕ್ಕೆ ನಡತೆ ನಿಯಮಗಳಿವೆ. ಆದ್ದರಿಂದ ನನ್ನ ಸಾಲುಗಳ ಕೆಳಗೆ ‘ಸುವರ್ಣಾ, ಅಮೀನಗಡ’ ಎಂದು ಹಾಕುತ್ತಿದ್ದೆ. ಸುವರ್ಣಾ ನನ್ನ ಹೆಂಡತಿ. ಮನೆಯಲ್ಲೇ ಇಳಕಲ್ ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ. ತಾನು ಪತ್ರಿಕೆಗೆ ಬರೆಯುತ್ತಿದ್ದೇನೆ ಎಂಬ ಸಂಗತಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಮನೆಗೆ ಪತ್ರಿಕೆ ತರಿಸುತ್ತಿರಲಿಲ್ಲ. ಯಾರಾದರೂ ಓಣಿಯಲ್ಲಿ ಕೇಳಿದರೆ, ಊರಲ್ಲಿ ಇನ್ನೊಬ್ಬ ಸುವರ್ಣಾ ಇರಬೇಕು ಎಂದುಕೊಂಡು ಅವಳು ಸುಮ್ಮನಾಗುತ್ತಿದ್ದಳು. ಇಷ್ಟೆಲ್ಲ ಬಂದೋಬಸ್ತು ಮಾಡಿದವನು ಬಾಯಿಗೊಂದು ಬೀಗ ಹಾಕಿಕೊಳ್ಳಬೇಕಿತ್ತು. ಒಂದು ದಿನ ಕಚೇರಿಯಲ್ಲಿ ಎಲ್ಲರೂ ನನ್ನ ಸಾಲನ್ನೇ ಹೊಗಳುತ್ತಿದ್ದಾಗ ತಡೆಯಲಾಗದೆ, ‘ಅದು ನಮ್ಮ ಮನೆಯವಳದೇ’ ಎಂದುಬಿಟ್ಟೆ. ಅರ್ಧ ಹೊಗಳಿಕೆಯಾದರೂ ನನಗೆ ಸಿಗಲಿ ಎಂಬ ಆಸೆ.

ಮೊನ್ನೆ ಒಬ್ಬ ಪುಢಾರಿ ಮೂರನೆಯ ಸಲ ಪಕ್ಷ ಬದಲಿಸಿದ ಸುದ್ದಿ ಬಂತು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಈಗ ಯಾವ ಪಕ್ಷ ಎಂದು ನನ್ನನ್ನು ಕೇಳಬೇಡಿ, ಅವರನ್ನೇ ಕೇಳಿದರೂ ಒಮ್ಮೆ ಕ್ಯಾಲೆಂಡರ್ ನೋಡಿ ಹೇಳಿಯಾರು. ಮೂಲೆಯಲ್ಲಿ ಸುದ್ದಿಯನ್ನು ಹೆಸರಿಲ್ಲದೆ ಹಾಕಿದ್ದರು. ಅದಕ್ಕೆ ಸುವರ್ಣಾಳ ಪ್ರತಿಕ್ರಿಯೆ: ‘ನಂಬರ್ ಅದೇ, ಸಿಮ್ ಬೇರೆ.’ ಬೆಳಿಗ್ಗೆ ಅಚ್ಚಾದದ್ದನ್ನು ನೋಡಿ ಮೀಸೆಯೊಳಗೇ ನಗುತ್ತ ಕೂತಿದ್ದೆ. ಪಕ್ಕದ ಮೇಜಿನ ದಾವಲಸಾಬ ಬಂದ.

‘ಸರ್, ಅಕ್ಕಾರು ಇವತ್ತ ಭಾಳ ಖಡಕ್ ಬರದಾರ್ರಿ. ಸಾಹೇಬ್ರ ಕಡಿಯವರು ಇಬ್ಬರು ಕೆಳಗ ಬಂದಿದ್ರು. ಇದನ್ನ ಬರದವರು ನಿಮ್ಮ ಆಫೀಸಿನವರ ಮನಿಯವರಂತಲ್ಲ, ಮನಿ ಎಲ್ಲಿ ಅಂತ ಕೇಳಿದ್ರು. ಗುರ್ತಾ ಹೇಳಿ ಕಳಿಸೇನ್ರಿ.’

‘ಯಾಕ್ ಹೇಳಿದ್ಯೋ ಮಾರಾಯಾ?’

‘ಸನ್ಮಾನ ಇರಬೇಕ್ರಿ. ಅವರ ಗಾಡ್ಯಾಗ ಶಾಲು ಯಾವಾಗ್ಲೂ ಇರ್ತಾವು.’

ಸುವರ್ಣಾಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹೊಲಿಗೆ ಯಂತ್ರ ಓಡುತ್ತಿದ್ದರೆ ಅವಳಿಗೆ ಫೋನ್ ಕೇಳಿಸುವುದಿಲ್ಲ. ಮತ್ತೆ ಮಾಡಿದೆ. ಅರ್ಧ ದಿನದ ರಜೆ ಚೀಟಿಯಲ್ಲಿ ಕಾರಣ ಎಂಬಲ್ಲಿ ‘ಹೊಟ್ಟೆನೋವು’ ಎಂದು ಬರೆದೆ, ಅಷ್ಟರಲ್ಲಿ ಅದು ನಿಜವೂ ಆಗಿತ್ತು. ಬಸ್ಸು ಸಿಕ್ಕಿತು, ಆದರೆ ಕೈ ತೋರಿಸಿದವರಿಗೆಲ್ಲ ನಿಲ್ಲುವ ಬಸ್ಸು. ಒಬ್ಬ ಅಜ್ಜಿ ಬುಟ್ಟಿ ಹತ್ತಿಸಿ ತಾನು ಹತ್ತಿ, ಬುಟ್ಟಿಗೊಂದು ಜಾಗ ಹುಡುಕಿ ಕೂರುವುದರೊಳಗೆ ನನ್ನ ಅಮಾನತು, ವಿಚಾರಣೆ, ಬೀದರಿನ ಆಚೆಗೆ ವರ್ಗಾವಣೆ ಎಲ್ಲ ಮುಗಿದಿತ್ತು. ಸುವರ್ಣಾ ‘ನಾ ಬರದಿಲ್ರಿ’ ಎಂದರೆ ನಾನು ಕೆಟ್ಟೆ. ಅವಳು ಹಾಗೆಯೇ ಅನ್ನುತ್ತಾಳೆ, ಯಾಕೆಂದರೆ ಅವಳು ಬರೆದಿಲ್ಲ. ದೇವರೇ, ಇವತ್ತೊಂದು ದಿನ ಅವಳು ಸುಳ್ಳು ಹೇಳಲಿ ಎಂದು ಬೇಡಿಕೊಂಡೆ. ಅಮೀನಗಡದಲ್ಲಿ ಇಳಿದು, ಕರದಂಟಿನ ಅಂಗಡಿಗಳ ಮುಂದೆ ಹಾದು ಓಣಿಗೆ ತಿರುಗಿದಾಗಲಷ್ಟೇ ಹೊಳೆಯಿತು. ಗುರುತಿಲ್ಲದ ಗಂಡಸರ ಮುಂದೆ ಏನೂ ತಿಳಿಯದ ಹೆಣ್ಣುಮಗಳು ಒಬ್ಬಳೇ ಕೂತಿದ್ದಾಳೆ, ಮತ್ತು ನಾನು ದಾರಿಯುದ್ದಕ್ಕೂ ಚಿಂತಿಸಿದ್ದು ನನ್ನ ನೌಕರಿಯನ್ನು. ನಾಚಿಕೆಯಾಯಿತು. ನಾಚಿಕೆಯಾದರೂ ನೌಕರಿಯ ಚಿಂತೆ ಬಿಡಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮನೆಯ ಮುಂದೆ ಬಿಳಿ ಗಾಡಿ ನಿಂತಿತ್ತು. ಒಳಗೆ ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಹೇಬರೇ ಕೂತಿದ್ದರು. ಹಿಂದೆ ಇಬ್ಬರು ನಿಂತಿದ್ದರು. ಶಾಲು ಕಾಣಲಿಲ್ಲ. ಸುವರ್ಣಾ ಮಡಿಲಲ್ಲಿ ಸೀರೆ ಇಟ್ಟುಕೊಂಡು ಯಂತ್ರದ ಮುಂದೆ ಕೂತಿದ್ದಳು, ಅವಳ ಕೈಯಲ್ಲಿ ಪತ್ರಿಕೆಯ ತುಂಡಿತ್ತು.

‘ಬರ್ರಿ ಯಜಮಾನ್ರ’ ಎಂದರು ಸಾಹೇಬರು, ನನ್ನ ಮನೆಗೆ ನನ್ನನ್ನೇ ಕರೆಯುವಂತೆ. ಆಮೇಲೆ ಅವಳ ಕಡೆ ತಿರುಗಿದರು. ‘ಇದನ್ನ ಖರೇನ ನೀವ ಬರದೀರೋ, ಇಲ್ಲಾ ಇವರು ಬರದಾರೋ, ಅಷ್ಟ ಹೇಳ್ರಿ ಅಕ್ಕಾರ. ಮನ್ಯಾಗಿನ ಹೆಣ್ಮಕ್ಕಳು ಬರದ್ರ ನಗಚಾಟಿಕಿ. ಸರ್ಕಾರದ ಪಗಾರ ತಿನ್ನೋರು ಬರದ್ರ ಅದು ಬ್ಯಾರೆ ಆಗ್ತೈತಿ.’

ಸುವರ್ಣಾ ಕನ್ನಡಕ ಹುಡುಕಿ ಹಾಕಿಕೊಂಡಳು. ಮೇಲಿನ ಸುದ್ದಿಯನ್ನೂ ಆ ನಾಲ್ಕು ಪದಗಳನ್ನೂ ನಿಧಾನವಾಗಿ ಓದಿದಳು. ಕೆಳಗಿನ ಹೆಸರಿನ ಮೇಲೆ ಅವಳ ಕಣ್ಣು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ನಾನು ಗೋಡೆಯ ಗಡಿಯಾರ ನೋಡಿದೆ.

‘ನನ್ನ ಹೆಸರ ಕೆಳಗೈತಿ ಅಂದ್ರ ನಾನ ಬರದೇನ್ರಿ’ ಎಂದಳು. ‘ನನ್ನ ಹೆಸರು ಹಾಕಿ ಬ್ಯಾರೆಯವರು ಯಾಕ ಬರೀತಾರ?’

ಸಾಹೇಬರು ಅಷ್ಟಕ್ಕೇ ಬಿಡುವವರಲ್ಲ. ‘ಹಂಗಾರ ಇಲ್ಲೇ ಇನ್ನೊಂದು ಹೇಳ್ರಿ ನೋಡೂಣು. ಇನ್ನ ಮ್ಯಾಲ ನಮ್ಮ ಭಾಷಣಾನೂ ಯಂತ್ರನ ಬರದ ಕೊಡತೈತಂತ, ಸುದ್ದಿ ಬಂದೈತಿ. ಅದಕ್ಕೇನಂತೀರಿ?’

ನನ್ನ ತಲೆಯಲ್ಲಿ ಒಂದಕ್ಷರವೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವಳಿಗೆ ದಾಟಿಸುವ ದಾರಿ ಇರಲಿಲ್ಲ. ಅವಳು ಸೂಜಿಯ ಕಣ್ಣಿಗೆ ದಾರ ಹಿಡಿದಿದ್ದಳು. ಒಂದು ಸಲ ತಪ್ಪಿತು. ದಾರದ ತುದಿಯನ್ನು ತುಟಿಗೆ ತಾಗಿಸಿ ಮತ್ತೆ ಪೋಣಿಸಿದಳು.

‘ಬರೀಲಿ ಬಿಡ್ರಿ. ಕೇಳಾಕೂ ಒಂದು ಯಂತ್ರ ತಂದು ಕುಂದರಸ್ರಿ. ನಮಗ ಕೆಲಸ ಐತಿ.’

ಹಿಂದೆ ನಿಂತಿದ್ದ ಇಬ್ಬರು ನಗಬೇಕೋ ಬೇಡವೋ ತಿಳಿಯದೆ ಸಾಹೇಬರ ಮುಖ ನೋಡಿದರು. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ‘ನೀವ ಬರದೀರಿ, ಸಂಶೆ ಇಲ್ಲ’ ಎನ್ನುತ್ತ ಎದ್ದರು. ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ‘ಮುಂದಿನ ಸಲ ನನ್ನ ಹೆಸರು ಹಾಕೇ ಬರೀರಿ ಅಕ್ಕಾರ. ನನ್ನ ಎದುರ ನಿಲ್ಲೋ ಆ ಕಡಿಯವನೂ ಪಕ್ಷ ಬದಲಿಸಿದಾಂವನ, ಈ ಮಾತು ತನ್ನ ಬಗ್ಗೆ ಐತಿ ಅಂತ ಊರತುಂಬ ಹೇಳ್ಕೋತ ಅಡ್ಡ್ಯಾಡಾಕತ್ಯಾನ.’

ಗಾಡಿ ಹೋಯಿತು. ನನ್ನ ಜೀವ ಬಂತು. ಸುವರ್ಣಾ ಹಲ್ಲಿನಿಂದ ದಾರ ಕಡಿದಳು.

‘ಎಷ್ಟ ದಿವಸ ಆತು ನಾ ಬರ್ಯಾಕತ್ತು?’

‘ಎರಡ ವರ್ಷ’ ಎಂದೆ.

‘ಚಲೋ ಬರೀತೇನೇನು?’

‘ಅಡ್ಡಿಯಿಲ್ಲ.’

‘ತೋರಸ್ರಿ, ಏನೇನ ಬರದೇನಿ ನೋಡತೇನಿ.’

ಹಳೆಯ ಕಡತಗಳ ಅಡಿಯಲ್ಲಿ ಅಡಗಿಸಿಟ್ಟ ನೋಟ್‌ಬುಕ್ ತಂದುಕೊಟ್ಟೆ. ಕತ್ತರಿಸಿ ಅಂಟಿಸಿದ ಸಾಲುಗಳನ್ನು ಒಂದೊಂದಾಗಿ ಓದಿದಳು. ಚಂದ್ರನ ನೀರಿಗೆ ನಕ್ಕಳು. ಎರಡು ಪುಟ ನಗದೆ ತಿರುವಿದಳು. ಆಮೇಲೆ ಒಂದು ಕಡೆ ನಿಂತು ಗಟ್ಟಿಯಾಗಿ ಓದಿದಳು. ಪಂಚಾಯಿತಿ ಸದಸ್ಯರ ಹಾಜರಾತಿಗೆ ಬೆರಳಚ್ಚಿನ ಯಂತ್ರ ಬರುತ್ತದೆ ಎಂಬ ಸುದ್ದಿ ಅದು. ಅದರ ಕೆಳಗೆ: ‘ಬೆರಳು ಹೆಂಡತಿಯದು, ಕುರ್ಚಿ ಗಂಡನದು. ಯಂತ್ರ ಯಾರಿಗೆ ನಮಸ್ಕಾರ ಮಾಡಬೇಕು? – ಸುವರ್ಣಾ, ಅಮೀನಗಡ.’

‘ಇದನ್ನ ಬರಿಯೂ ಮುಂದ ನಿಮಗ ನಗು ಬಂತೇನ್ರಿ?’

‘ಬಂತು.’

‘ಈಗ?’

ಹೆಂಡತಿಯ ಹೆಸರಿನಲ್ಲಿ ಅಧಿಕಾರ ನಡೆಸುವ ಗಂಡಂದಿರನ್ನು ಹೆಂಡತಿಯ ಹೆಸರಿನಲ್ಲೇ ಹೀಯಾಳಿಸಿದ ಗಂಡ ನನ್ನ ಹೊರತು ಇನ್ನೊಬ್ಬನಿರಲಾರ. ಎರಡು ವರ್ಷ ಅದು ನನಗೆ ಹೊಳೆದಿರಲಿಲ್ಲ, ಎಲ್ಲ ಥಟ್ಟನೆ ಹೊಳೆಯುವ ತಲೆ ಎಂದೇ ನಾನು ಹೆಸರುವಾಸಿಯಾಗಿದ್ದೆ, ಅದೂ ಬೇರೆ ಹೆಸರಿನಲ್ಲಿ. ಸುವರ್ಣಾ ನೋಟ್‌ಬುಕ್ ಮುಚ್ಚಿ ತನ್ನ ದಾರದ ಡಬ್ಬಿಯ ಕೆಳಗೆ ಇಟ್ಟುಕೊಂಡಳು. ‘ನಾಳಿಯಿಂದ ಮನಿಗೆ ಪೇಪರ್ ಬರಲಿ’ ಎಂದಳು.

ಹತ್ತು ದಿನದ ಮೇಲೆ ಕಚೇರಿಯಲ್ಲಿ ದಾವಲಸಾಬ ಪತ್ರಿಕೆ ಹಿಡಿದು ಬಂದ. ಚುನಾಯಿತ ಮಹಿಳೆಯರ ಬದಲು ಗಂಡಂದಿರು ದರ್ಬಾರು ನಡೆಸುವುದನ್ನು ತಡೆಯಲು ಹೊಸ ಆ್ಯಪ್ ಬರುತ್ತದಂತೆ ಎಂದು ಸುದ್ದಿ. ಅದರ ಕೆಳಗೆ: ‘ಮೊದಲು ನಮ್ಮ ಮನೆಯಲ್ಲಿ ಹಾಕಿ ನೋಡಿ. ಇಲ್ಲಿ ನಡೆದರೆ ಎಲ್ಲಿ ಬೇಕಾದರೂ ನಡೆದೀತು. – ಸುವರ್ಣಾ, ಅಮೀನಗಡ.’

‘ಸರ್, ತಪ್ಪ ತಿಳೀಬ್ಯಾಡ್ರಿ’ ಎಂದ ದಾವಲಸಾಬ. ‘ಹಿಂದಿನವು ಅಕ್ಕಾರು ಸ್ವಲ್ಪ ತಿಣುಕಿ ಬರದಂಗ ಇದ್ದವು. ಇದು ನೋಡ್ರಿ, ಖರೇನ ಸ್ವಂತ ಬರದಂಗ ಐತಿ. ಭಾಳ ಸುಧಾರಿಸ್ಯಾರ. ನಾ ಹೇಳಿದೆ ಅಂತ ಅವರಿಗೆ ಹೇಳ್ರಿ.’

ಅವಳ ಪರವಾಗಿ ಧನ್ಯವಾದ ಹೇಳಲು ಬಾಯಿ ತೆರೆದೆ. ಹಳೆಯ ಚಟ. ತೆರೆದ ಬಾಯಿ ಮುಚ್ಚಿಕೊಂಡು, ‘ನೀನ ಫೋನ್ ಮಾಡಿ ಹೇಳಪಾ’ ಎಂದು ಅವಳ ನಂಬರ್ ಕೊಟ್ಟೆ.